ಕೇಪಿನ ಕೋವಿಯ ಹಿತ್ತಾಳೆ ಕಮಾನು

ಮೈಸೂರಿನ ಲೈಸನ್ಸ್ ಇರುವ ಕೋವಿ ರಿಪೇರಿ ಅಂಗಡಿ. ಮೇಜಿನ ಮೇಲೆ ಕೊಡಗಿನ ಮನೆತನವೊಂದರ ಕೇಪಿನ ಕೋವಿ. ಟ್ರಿಗರ್ ಗಾರ್ಡಿನ ಹಿತ್ತಾಳೆ ಕಮಾನು ಮುಂದಿನ ಬಾಗಿನಲ್ಲಿ ಸೀಳಿದೆ. ಮೇಸ್ತ್ರಿ ಮೊದಲು ಅದರತ್ತ ನೋಡಲೇ ಇಲ್ಲ. ನಳಿಗೆಯೊಳಗೆ ಸಲಾಕೆ ಇಳಿಬಿಟ್ಟರು, ಬಾಯಿಯ ಅಂಚಿಗೆ ಸರಿಯಾಗಿ ಉಗುರು ಒತ್ತಿ ಗುರುತು ಹಿಡಿದರು, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆದರು. ಸಲಾಕೆಯ ತುದಿ ಕೇಪು ಕೂರುವ ಜಾಗದ ಹತ್ತಿರದವರೆಗೂ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಕೂತಿವೆ. ಅಜ್ಜ ತುಂಬಿಟ್ಟು ಮರೆತ ಈಡು ಮೊಮ್ಮಗನ ಕೈಯಲ್ಲಿ ಹಾರಬಹುದು. ಈ ಅಳತೆಯನ್ನು ಹಳೇ ಕೋವಿ ಇರುವ ಪ್ರತಿ ಮನೆಯಲ್ಲೂ ಕಲಿತಿರಬೇಕು.

ಈಡು ಹಾರಿಸುವುದರಲ್ಲಿ ಈ ಕಮಾನಿನದೇನೂ ಕೆಲಸವಿಲ್ಲ. ನಮ್ಮ ಹಳೆಯ ಬತ್ತಿ ಬಂದೂಕುಗಳಲ್ಲಿ ಸಾಮಾನ್ಯವಾಗಿ ಇದು ಇರುತ್ತಲೇ ಇರಲಿಲ್ಲ. ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಬಂದೂಕುಗಳಲ್ಲಿ ಇದೆ. ಯಾಕೆ? ಬತ್ತಿ ಹೊತ್ತಿಸದಿದ್ದರೆ ಟ್ರಿಗರ್ ಎಷ್ಟು ಒತ್ತಿದರೂ ಏನೂ ಆಗದು. ಚಕಮಕಿ, ಕೇಪುಗಳದು ಹಾಗಲ್ಲ. ಕುದುರೆ (ಹ್ಯಾಮರ್) ಎಳೆದಿಟ್ಟರೆ ಒಂದು ಕಡ್ಡಿ ತಗುಲಿದರೂ ಸಾಕು. ಇದು ನನ್ನ ಊಹೆ. ಫ್ರೆಂಚರ, ಇಂಗ್ಲಿಷರ ಮಾದರಿಯ ಜೊತೆಗೆ ಬಂದದ್ದೂ ಇರಬಹುದು.

ಸೀಳಿದ್ದನ್ನು ಹಾಗೇ ಬಗ್ಗಿಸಿ ಸರಿಮಾಡಬಾರದೇ ಎಂದು ಕೇಳಿದೆ. "ತಣ್ಣಗಿದ್ದಾಗ ಬಗ್ಗಿಸಿದ್ರೆ ಇನ್ನೊಂದು ಕಡೆ ಸೀಳುತ್ತೆ ಸಾರ್." ಹಿತ್ತಾಳೆ ಬಡಿದಷ್ಟೂ ಬಗ್ಗಿಸಿದಷ್ಟೂ ಬಿರುಸಾಗುತ್ತದೆ. ಮಂದವಾಗಿ ಕೆಂಪಾಗುವವರೆಗೆ ಕಾಯಿಸಿದರೆ ಮತ್ತೆ ಮೆದು, ಆಮೇಲೆ ನೀರಿಗೆ ಅದ್ದಿದರೂ ಮೆದುವೇ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುತ್ತದೆ. ಅದೇ ಬೆಂಕಿ, ಅದೇ ನೀರು.

ಸೀಳಿದ್ದನ್ನು ಬಿಟ್ಟು ಹೊಸದನ್ನೇ ಎರಕ ಹೊಯ್ಯುವಾಗ ನನ್ನನ್ನು ಬಹಳ ಹೊತ್ತು ಕಾಡಿದ್ದು ಇದು: ಹಳೆಯ ಕಮಾನನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದರೆ ಹೊಸದು ಗಿಡ್ಡ ಬರುತ್ತದೆ. ಅಚ್ಚು ಕುಗ್ಗಿಲ್ಲ, ಲೋಹ ಕುಗ್ಗಿದೆ. ಆರುವಾಗ ಹಿತ್ತಾಳೆ ಶೇಕಡ 1.5ರಷ್ಟು ಸಂಕುಚಿಸುತ್ತದೆ, ಎರಡು ತುದಿಯ ಬಾಲಗಳೂ ಸೇರಿ 22 ಸೆಂಟಿಮೀಟರ್ ಇರುವ ಕಮಾನಿನಲ್ಲಿ ಅದು ಮೂರು ಮಿಲಿಮೀಟರ್‌ಗೂ ಮಿಕ್ಕಿ. ಸ್ಕ್ರೂ ತೂತು ತಪ್ಪಿಹೋಗಲು ಅಷ್ಟು ಧಾರಾಳ. ಅದಕ್ಕೇ ಮೇಸ್ತ್ರಿ ಹಳೆಯದರ ಎರಡೂ ಬಾಲಗಳಿಗೆ ಮೇಣ ಅಂಟಿಸಿ ಉದ್ದ ಮಾಡಿಯೇ ಅಚ್ಚಿಗೆ ಕೊಟ್ಟಿದ್ದರು.

ಕೂರಿಸುವ ಕೆಲಸ ನೋಡುತ್ತಲೇ ಇರಬೇಕೆನಿಸುತ್ತದೆ. ಹೊಸ ಕಮಾನಿನ ಅಡಿಯನ್ನು ದೀಪದ ಮೇಲೆ ಹಿಡಿದು ಕಾಡಿಗೆ ಕಟ್ಟಿಸುತ್ತಾರೆ. ಕೋವಿಯ ಬೀಟೆ ಮರದ ಹಿಡಿಯಲ್ಲಿ ಕೊರೆದ ತೋಡಿಗೆ ಒತ್ತಿ ತೆಗೆಯುತ್ತಾರೆ. ಕಪ್ಪು ಅಂಟಿದ ಕಡೆ ಮಾತ್ರ ಉಳಿಯಿಂದ ಸವರುತ್ತಾರೆ, ಉಗುರಿನ ಸಿಪ್ಪೆಯಷ್ಟೇ ಮರ ಏಳುತ್ತದೆ. ಮತ್ತೆ ಕಾಡಿಗೆ, ಮತ್ತೆ ಒತ್ತು. ಇದೇ ಊರಿನಲ್ಲಿ ಬೀಟೆ ಮರಕ್ಕೆ ಚಿತ್ತಾರ ಕೂರಿಸುವ ಇನ್‌ಲೇ ಕೆಲಸಗಾರರ ಕೈಗೂ ಬೇಕಾದದ್ದು ಇದೇ ತಾಳ್ಮೆ.

ಕೋವಿಯ ಯಜಮಾನರಿಗೆ ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಅದು ಮನೆಯಲ್ಲಿರಬೇಕು. ಪೂಜೆಗಿಟ್ಟು ನಳಿಗೆಗೆ ತೋಕ್‌ಪೂ ಹೂ ಸಿಕ್ಕಿಸಬೇಕು. ಕೊಡವರಿಗೆ ಕೋವಿ ಲೈಸನ್ಸಿನಿಂದ ಇರುವ ವಿನಾಯಿತಿ 2029ರವರೆಗೂ ಮುಂದುವರಿದಿದೆ. ರಿಪೇರಿಗೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸನ್ಸ್ ಇರುವ ಕೈಯೇ ಬೇಕು, ಅಂಥ ಕೈಗಳನ್ನು ನಾವು ಉಳಿಸಿಕೊಳ್ಳಬೇಕು.

"ಹಬ್ಬಕ್ಕೆ ಕೊಡ್ತೀನಿ ಸಾರ್. ಆದ್ರೆ ಮಳೆಗಾಲ, ಮರ ನೀರು ಕುಡಿದಿದೆ. ಪಿನ್ನಿನ ತೂತು ಸ್ವಲ್ಪ ಉದ್ದಕ್ಕೆ ಬಿಟ್ಟಿದ್ದೀನಿ, ಮರ ಆಡೋಕೆ ಜಾಗ ಇರಲಿ. ಬೇಸಿಗೇಲಿ ಒಂದ್ಸಲ ತನ್ನಿ, ಸ್ಕ್ರೂ ಬಿಗಿ ಮಾಡಿಕೊಡ್ತೀನಿ."