ಚಕ್ರ ಬದಲಿಸುವ ಮುನ್ನ

ಕುಮಟೆಗೂ ಚಕ್ರಕ್ಕೂ ಹಳೆಯ ನಂಟು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಗಾಡಿಗಳು ಘಟ್ಟ ಇಳಿದು ನಮ್ಮ ಬಂದರಿಗೆ ಹತ್ತಿ ತಂದು ಸುರಿದವು. ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಮರದ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿದರೆ ಪಟ್ಟಿ ಕುಗ್ಗಿ ಬಿಗಿಯಾಗುತ್ತಿತ್ತು. ಉಷ್ಣದ ಪಾಠಕ್ಕೆ ನಾನು ಇಂದಿಗೂ ಕೊಡುವ ಉದಾಹರಣೆ ಅದೇ.

ಈಗ ಪ್ರಶ್ನೆ ಬೇರೆ. ಯಾಣದ ಕಡೆ ಅಡಿಕೆ ತೋಟ ನೋಡಿಕೊಂಡಿರುವ ನನ್ನ ಸೋದರಳಿಯ ಥಾರ್ ಕೊಂಡ. “ಮಾವ, ಉಕ್ಕಿನ ರಿಮ್ಮು ತೆಗ್ಸಿ ಅಲಾಯ್ ಹಾಕ್ಸಿರೆ ಅಡ್ಡಿಲ್ಯ?” ಎಂದ.

ಅಲಾಯ್ ಎಂದರೆ ಅಲ್ಯೂಮಿನಿಯಂಗೆ ಸಿಲಿಕಾನ್, ಮೆಗ್ನೀಸಿಯಂ ಬೆರೆಸಿ ಎರಕ ಹೊಯ್ದದ್ದು. ಉಕ್ಕಿನ ಸಾಂದ್ರತೆ 7.8 ಆದರೆ ಅಲ್ಯೂಮಿನಿಯಂನದು 2.7. ಹಾಗೆಂದು ತೂಕ ಮೂರರಲ್ಲೊಂದು ಪಾಲಿಗೆ ಇಳಿಯುವುದಿಲ್ಲ. ಗಟ್ಟಿತನಕ್ಕಾಗಿ ಅದನ್ನು ದಪ್ಪಗೆ ಎರೆದಿರುತ್ತಾರೆ. ಆದರೂ ಚಕ್ರ ಹಗುರಾದಷ್ಟೂ ಸ್ಪ್ರಿಂಗಿಗೆ ಕೆಲಸ ಸುಲಭ. ಟೈರು ನೆಲ ಬಿಡದೆ ಓಡುತ್ತದೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಸಾಗಿಸುತ್ತದೆ ಎಂಬುದೂ ನಿಜ. ಆದರೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕನ್ನು ಕಾಯುವುದು ರಿಮ್ಮಲ್ಲ, ಕೆಳಗಿನ ಗೇರು.

ಇನ್ನು ಅಳತೆಯ ಲೆಕ್ಕ. 2020ರಲ್ಲಿ ಬಂದ ಥಾರಿನಲ್ಲಿ 16 ಇಂಚಿನ ಉಕ್ಕಿನ ರಿಮ್ಮಿಗೆ 245/75 ಟೈರು, 18 ಇಂಚಿನ ಅಲಾಯ್‌ಗೆ 255/65. ಅಗಲವನ್ನು ಶೇಕಡಾವಾರಿನಿಂದ ಗುಣಿಸಿ ನೋಡಿ: ಟೈರಿನ ಪಕ್ಕದ ಗೋಡೆ ಮೊದಲನೆಯದರಲ್ಲಿ 184 ಮಿಲಿಮೀಟರ್, ಎರಡನೆಯದರಲ್ಲಿ 166. ಕಲ್ಲಿನ ಹೊಡೆತ ತಡೆಯುವ ರಬ್ಬರು 18 ಮಿಲಿಮೀಟರ್ ಕಡಿಮೆಯಾಯಿತು!

ಹೊಡೆತ ಬಿದ್ದರೆ ಉಕ್ಕು ಬಾಗುತ್ತದೆ. ಅಂಚು ಸ್ವಲ್ಪ ಸೊಟ್ಟಗಾದರೆ ಪಂಕ್ಚರ್ ಅಂಗಡಿಯವ ಸುತ್ತಿಗೆಯಿಂದ ಬಡಿದು ಗಾಳಿ ನಿಲ್ಲುವಂತೆ ಮಾಡಿಕೊಡುತ್ತಾನೆ. ಎರಕದ ಅಲಾಯ್ ಅಷ್ಟು ಬಾಗದು, ಬಿರಿಯುತ್ತದೆ. ಬಿರಿದದ್ದಕ್ಕೆ ವೆಲ್ಡಿಂಗ್ ನಂಬುವ ಹಾಗಿಲ್ಲ.

ಜತೆಗೆ ನಮ್ಮದು ಉಪ್ಪಿನ ಸೀಮೆ, ಸಾಣಿಕಟ್ಟೆಯ ಆಗರಗಳಿರುವ ತಾಲ್ಲೂಕು. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ವಿದ್ಯುತ್ಕೋಶವೇ. ಉಕ್ಕಿನ ಹಬ್ಬಿಗೆ ಒತ್ತಿ ಕುಳಿತ ಅಲ್ಯೂಮಿನಿಯಂ ನಿಧಾನವಾಗಿ ಸವೆದು ಬಿಳಿಪುಡಿಯಾಗುತ್ತದೆ. ರಿಮ್ಮು ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಸ್ಟೆಪ್ನಿ ಹಾಕಲು ಹೋದಾಗ ನಟ್ಟು ಬಿಚ್ಚಿದರೂ ಚಕ್ರ ಬಾರದು. ಉಕ್ಕಿಗೂ ತುಕ್ಕಿನ ಕಾಟವುಂಟು. ಅದಕ್ಕೆ ಉಜ್ಜಿ ಬಣ್ಣ ಬಳಿದರಾಯಿತು.

ಹೆದ್ದಾರಿಯಲ್ಲೇ ಓಡಾಡುವವರಿಗೆ ಅಲಾಯ್ ಧಾರಾಳವಾಗಿ ಆದೀತು. ನಟ್ಟುಗಳು ಆ ರಿಮ್ಮಿಗೆ ಹೊಂದುವಂಥವೇ ಇರಲಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಿಸಿ. ಸ್ಟೆಪ್ನಿ ಉಕ್ಕಿನದಾದರೆ ಅದರ ನಟ್ಟುಗಳೂ ಗಾಡಿಯಲ್ಲಿರಲಿ.

ಅಳಿಯನ ದಾರಿ ಮಾತ್ರ ಬೇರೆ. ಆಷಾಢದ ರಾತ್ರಿ ಆ ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ತಟ್ಟುವುದು ಇವನ ಬಾಗಿಲನ್ನೇ. ಆಗ ಗಾಡಿಯೊಳಗಿನವರಿಗೆ ರಿಮ್ಮಿನ ಹೊಳಪು ಕಾಣುವುದಿಲ್ಲ, ಆಸ್ಪತ್ರೆಯ ದೀಪ ಕಾಣಬೇಕು.