ಕೇಳದೆ ಹೋದ ದಾರಿ

ನಮ್ಮೂರ ಕಡೆ ದಾರಿ ಕೇಳಿದರೆ ಮೊದಲು ‘ಯಾವ ಜನ ನೀವು?’ ಅಂತಾರೆ, ದಾರಿ ಆಮೇಲೆ. ಬೆಂಗಳೂರಿಗೆ ಕೆಲಸದ ಇಂಟರ್‌ವ್ಯೂಗೆ ಹೊರಟ ನಾವು ಮೂವರು, ಯಾರನ್ನೂ ಕೇಳೋದೇ ಬೇಡ ಅಂತ ಮೆಟ್ರೊ ನಕ್ಷೆ ಪ್ರಿಂಟ್ ಹಾಕಿಸಿಕೊಂಡೆವು. ಕಪ್ಪು-ಬಿಳುಪಿನಲ್ಲಿ ನೇರಳೆ, ಹಸಿರು ಎರಡೂ ಒಂದೇ ಬೂದಿ ಬಣ್ಣ. ಪೆನ್ನಿನಲ್ಲಿ ಹೆಸರು ಬರೆದುಕೊಂಡೆವು.

ಯಶವಂತಪುರದಲ್ಲಿ ಹಸಿರು ಮಾರ್ಗ ಹತ್ತಿದ್ವಿ. ಸಂಪಿಗೆ ರಸ್ತೆ ದಾಟಿದ್ದೇ ರೈಲು ನೆಲದೊಳಕ್ಕೆ ಇಳೀತು. ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ಎರಡನೇ ನಿಲ್ದಾಣ: ಡಾ. ಬಿ.ಆರ್. ಅಂಬೇಡ್ಕರ್, ವಿಧಾನಸೌಧ. ಊರಾಚೆಯ ಕೇರಿಯವರು ನಾವು. 2016ರಲ್ಲಿ ತೆರೆದ ಆ ಸುರಂಗದ ಗೆರೆಯ ಮೇಲೆ, ಊರ ನಡುವೆ, ಬಾಬಾಸಾಹೇಬರ ಹೆಸರು ಓದಿದೆವು.

ಯಾರೂ ಏನೂ ಕೇಳಲಿಲ್ಲ.

ಇಳಿದಾಗ ಮುದುಕಪ್ಪನೊಬ್ಬ ‘ಮೆಜೆಸ್ಟಿಕ್ಕಿಗೆ ಯಾವ ಕಡೆ ರೈಲ್ರಪ್ಪಾ?’ ಅಂದ. ನಕ್ಷೆ ಮೇಲೆ ಬೆರಳಿಟ್ಟು ತೋರಿಸಿದೆವು. ಯಾವ ಜನ ಅಂತ ನಾವೂ ಕೇಳಲಿಲ್ಲ.