ಅಮ್ಮಿಯ ಹೆಸರು ಮತ್ತು ಒಂದು ಸೋಮವಾರ

ದೊಡ್ಡ ಕಷ್ಟಗಳಿಗೆ ಸಾಕ್ಷಿಗಳಿರುತ್ತಾರೆ. ಮನೆ ಬಿದ್ದರೆ, ಬೆಳೆ ಒಣಗಿದರೆ, ಯಾರಾದರೂ ತೀರಿಕೊಂಡರೆ ಊರೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಸಣ್ಣ ತೊಂದರೆಗಳಿಗೆ ಆ ಭಾಗ್ಯವಿಲ್ಲ. ಚಪ್ಪಲಿ ಕಿತ್ತುಹೋಯಿತು, ಚಹಾ ಅರ್ಧಕ್ಕೇ ನಿಂತಿತು ಎಂದು ಯಾರ ಬಳಿ ಹೇಳಿಕೊಳ್ಳುವುದು? ಹೇಳಿದರೂ ‘ಅಷ್ಟೇ ತಾನೇ?’ ಎನ್ನುತ್ತಾರೆ. ಇಂಥ ‘ಅಷ್ಟೇ ತಾನೇ’ಗಳೆಲ್ಲ ಸಾಲುಗಟ್ಟಿ ಒಂದೇ ದಿನ ಒಂದೇ ಮುದುಕಿಯ ಮೇಲೆ ಬಿದ್ದರೆ ಅದನ್ನು ಸಣ್ಣದು ಎನ್ನಬೇಕೋ ದೊಡ್ಡದು ಎನ್ನಬೇಕೋ ನಮಗೆ ತಿಳಿಯದಾಗಿದೆ.

ನಮ್ಮ ಅಮ್ಮಿಗೆ ಎಪ್ಪತ್ತು ದಾಟಿದೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಆ ಹಣದಲ್ಲಿ ಅವರ ಮಾತ್ರೆ, ಎಲೆ ಅಡಿಕೆ, ಹಬ್ಬದ ದಿನ ಮೊಮ್ಮಕ್ಕಳಿಗೆ ಕೊಡುವ ಈದಿ ಎಲ್ಲವೂ ನಡೆಯಬೇಕು. ಮಗ ಸೊಸೆಯ ಮುಂದೆ ಕೈ ಚಾಚದೆ ಬದುಕುವ ಅವರ ಹಟವೂ ಅದರಲ್ಲೇ ನಡೆಯಬೇಕು. ಮೂರು ತಿಂಗಳಿಂದ ಹಣ ಬರಲಿಲ್ಲ. ವಿಚಾರಿಸಿದರೆ, ‘ಹೆಸರು ತಾಳೆಯಾಗುತ್ತಿಲ್ಲ’ ಎಂದರು.

ಅಮ್ಮಿಯ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಜುಬೇದಾ ಬಿ ಎಂದಿಟ್ಟುಕೊಳ್ಳಿ. ಅವರ ವಯಸ್ಸಿನವರಲ್ಲಿ ಆ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಮತದಾರರ ಗುರುತಿನ ಚೀಟಿಯಲ್ಲಿ ಅವರು ಜುಬೇದಾ ಬಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜುಬೇದಾಬಿ, ಅದೂ ಇಂಗ್ಲಿಷಿನ ‘ಜೆ’ ಅಕ್ಷರದಿಂದ. ಆಧಾರ್‌ನಲ್ಲಿ ಮಾತ್ರ ‘ಬಿ’ ಕುಗ್ಗಿ ಇಂಗ್ಲಿಷಿನ ಒಂದೇ ಅಕ್ಷರವಾಗಿ ಇನಿಷಿಯಲ್ಲಿನಂತೆ ನಿಂತಿದೆ. ಹೆಂಗಸರ ಹೆಸರಿಗೆ ಗೌರವದಿಂದ ಸೇರಿಸುವ ಬಿ, ಯಾವುದೋ ಊರಿನದೋ ತಂದೆಯದೋ ಹೆಸರಿನ ಮೊದಲ ಅಕ್ಷರವಾಗಿಬಿಟ್ಟಿದೆ. 1969ರಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬರುವುದಕ್ಕೂ ಮೊದಲೇ ಹುಟ್ಟಿದವರು ಅಮ್ಮಿ. ಯಾವುದು ಸರಿ ಎಂದು ತೋರಿಸಲು ಹುಟ್ಟಿನ ಕಾಗದವೂ ಇಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಅವಕಾಶ ಜೀವಮಾನದಲ್ಲಿ ಎರಡೇ ಸಲ. ಆದ್ದರಿಂದ ನಾವು ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಅಮ್ಮಿಯನ್ನು ಶಿರಾಕ್ಕೆ ಕರೆದುಕೊಂಡು ಹೊರಟೆವು.

ಫಜರ್ ನಮಾಜಿಗೆ ಎದ್ದಾಗಲೇ ಕರೆಂಟು ಇರಲಿಲ್ಲ. ಟ್ಯಾಂಕಿನಲ್ಲಿ ನೀರಿಲ್ಲ. ಬಿಂದಿಗೆಯ ತಳದಲ್ಲಿದ್ದ ನೀರಿನಲ್ಲಿ ಮೂವರೂ ವುಜೂ ಮಾಡಿದೆವು. ಚಹಾ ಇನ್ನೇನು ಕುದಿಯಬೇಕು, ಸಿಲಿಂಡರ್ ಖಾಲಿ. ಪಕ್ಕದ ಮನೆಯಾಕೆ ಸದ್ದು ಕೇಳಿ, ‘ಇರಿ ಅಕ್ಕ, ನಮ್ಮ ಒಲೆ ಉರೀತಾ ಇದೆ’ ಎಂದು ಪಾತ್ರೆ ಒಯ್ದರು. ಚಹಾ ಬರುವಷ್ಟರಲ್ಲಿ ಮೊದಲ ಬಸ್ಸು ಹೋಗಿತ್ತು.

ಎರಡನೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಿಗೆ ಟಿಕೆಟ್ಟಿನ ಹಣ ಬೇಕಿಲ್ಲ, ಕಾರ್ಡು ತೋರಿಸಿದರೆ ಸಾಕು. ಆ ಕಾರ್ಡು ನಾಲ್ಕು ಪ್ಲಾಸ್ಟಿಕ್ ಕವರುಗಳ ಒಳಗೆ, ಉಳಿದ ಕಾಗದಗಳ ನಡುವೆ, ಚೀಲದ ತಳದಲ್ಲಿತ್ತು. ನಿಂತುಕೊಂಡೇ ಚೀಲ ಬಿಚ್ಚಿ ಹುಡುಕುವಾಗ ಯಾರದೋ ಕಾಲು ಅಮ್ಮಿಯ ಚಪ್ಪಲಿಯ ಮೇಲೆ ಬಿತ್ತು. ಉಂಗುಷ್ಟ ಕಿತ್ತುಹೋಯಿತು. ಕಂಡಕ್ಟರ್ ಪಾಪ ಒಳ್ಳೆಯವರು, ‘ನಿಧಾನ ಅಮ್ಮಾ’ ಎಂದರು. ಆದರೆ ನಮ್ಮ ಟಿಕೆಟ್ಟಿನ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು. ಇಳಿಯುವ ಗಡಿಬಿಡಿಯಲ್ಲಿ ಅದು ಅವರ ಬಳಿಯೇ ಉಳಿಯಿತು. ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರ ಹತ್ತಿರವೂ ಐದುನೂರರ ನೋಟಿಗೆ ಚಿಲ್ಲರೆ ಇರಲಿಲ್ಲ. ‘ಹೋಗುವಾಗ ಕೊಡಿ, ಎಲ್ಲಿ ಓಡಿಹೋಗ್ತೀರಿ’ ಎಂದರು ಅವರು. ಆ ದಿನ ನಮ್ಮನ್ನು ಕಾಗದವಿಲ್ಲದೆ ನಂಬಿದವರು ಅವರೊಬ್ಬರೇ.

ಸೇವಾ ಕೇಂದ್ರದಲ್ಲಿ ಸಿಕ್ಕಿದ ಟೋಕನ್ 31. ಹತ್ತೂವರೆಗೆ ಸರ್ವರ್ ಇಲ್ಲವಾಯಿತು. ಸರ್ವರ್ ಬಂದಾಗ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ಊಟದ ಹೊತ್ತಾಯಿತು. ಬೆಂಚಿನ ಮೇಲೆ ಕೂತವರೆಲ್ಲ ತಮ್ಮ ತಮ್ಮ ಹೆಸರಿನ ಕಥೆ ಬಿಚ್ಚತೊಡಗಿದರು. ಒಬ್ಬರ ಹೆಸರಿನ ಮೊದಲಲ್ಲಿರುವ ಮುಹಮ್ಮದ್ ಇಂಗ್ಲಿಷಿನಲ್ಲಿ ಎರಡೇ ಅಕ್ಷರವಾಗಿ, ಅಲ್ಲಿಂದ ಕನ್ನಡಕ್ಕೆ ಬರುವಾಗ ‘ಎಂ.ಡಿ.’ ಆಗಿತ್ತು. ‘ಓದದೇನೇ ಡಾಕ್ಟರ್ ಆದೆ’ ಎಂದು ಅವರು ನಗಿಸಿದರು. ಲಕ್ಷ್ಮಿಯ ಹೆಸರಿನ ಒಬ್ಬ ಅಜ್ಜಿಗೆ ಒಂದು ಕಾಗದದಲ್ಲಿ ಎಕ್ಸ್, ಇನ್ನೊಂದರಲ್ಲಿ ಕೆ-ಎಸ್-ಎಚ್. ‘ನಾನೊಬ್ಬಳೇ ಇರೋದು ಕಣಪ್ಪ, ಇಬ್ಬರು ಮಾಡವ್ರೆ’ ಎಂದರು ಅವರು. ಅಮ್ಮಿ ತಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿ ಆ ಅಜ್ಜಿಗೂ ಕೊಟ್ಟರು.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದವರು ನಾವು. ಈ ಹೆಸರುಗಳು ಎಲ್ಲಿ ಎಡವುತ್ತವೆ ಎಂಬುದು ನಮಗೆ ಹೊಸದಲ್ಲ. ನಾವು ಒಂದೇ ಬಗೆಯಾಗಿ ಉಚ್ಚರಿಸುವ ಜ಼ ಸದ್ದಿಗೆ ಉರ್ದುವಿನಲ್ಲಿ ನಾಲ್ಕು ಅಕ್ಷರಗಳಿವೆ: ಜ಼ಾಲ್, ಜ಼ೇ, ಜ಼್ವಾದ್, ಜ಼ೋಯ್. ಕನ್ನಡದಲ್ಲಿ ಅವೆಲ್ಲ ಒಂದು ಜಕಾರದೊಳಗೆ ಸೇರಿಕೊಳ್ಳುತ್ತವೆ. ಬೇಕೆಂದರೆ ಅಡಿಯಲ್ಲಿ ಚುಕ್ಕಿ ಇಡಬಹುದು, ಇಡುವವರು ಕಡಿಮೆ. ಕನ್ನಡದ ದ ಮತ್ತು ಡ ಇಂಗ್ಲಿಷಿಗೆ ಹೋದರೆ ಒಂದೇ ಆಗುತ್ತವೆ. ಇದು ಯಾವ ಲಿಪಿಯ ದೋಷವೂ ಅಲ್ಲ. ಪ್ರತಿ ಲಿಪಿಯೂ ತನ್ನ ಮನೆಯವರಿಗಾಗಿ ಬಾಗಿಲು ಮಾಡಿಕೊಂಡಿರುತ್ತದೆ, ನೆಂಟರು ಸ್ವಲ್ಪ ಬಗ್ಗಿ ಬರಬೇಕಾಗುತ್ತದೆ. ಬಗ್ಗಿ ಬಂದವರನ್ನು ‘ನೀವು ಗಿಡ್ಡ ಇದ್ದೀರಿ’ ಎಂದು ಹೊರಗೆ ಕಳಿಸಿದರೆ ಮಾತ್ರ ಕಷ್ಟ.

ಮೂರು ಗಂಟೆಗೆ ನಮ್ಮ ಸರದಿ ಬಂತು. ಅಮ್ಮಿ ಬೆರಳಿಟ್ಟರು. ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿ ಇಟ್ಟರು. ಒಪ್ಪಲಿಲ್ಲ. ಹತ್ತು ಬೆರಳುಗಳನ್ನೂ ಒಂದೊಂದಾಗಿ ಇಟ್ಟರು. ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳವು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ದಾರ ಬಿಗಿದು, ನಮ್ಮ ಶಾಲೆಯ ಫೀಸು ಕಟ್ಟುತ್ತ ಗೆರೆಗಳನ್ನು ಸವೆಸಿಕೊಂಡಿವೆ. ಬೆಳಗಿನಿಂದ ಒಂದು ಮಾತೂ ಬೇಸರ ಪಡದ ಅಮ್ಮಿ ಆಗ ಕೈ ಹಿಂದಕ್ಕೆಳೆದುಕೊಂಡು, ‘ಛೋಡೋ ಬಾವಾ, ಘರ್ ಕು ಜಾಯಿಂಗೇ’ ಎಂದರು. ನೀರಿಲ್ಲ, ಗ್ಯಾಸಿಲ್ಲ ಎಂದಾಗ ನಕ್ಕಿದ್ದ ಮುಖ ಅದಾಗಿರಲಿಲ್ಲ. ಬಿಟ್ಟುಬಿಡೋಣ ಎನ್ನುವುದು ಹೀಗೆ ಬರುತ್ತದೆ. ಹಕ್ಕನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಬಸ್ಸು, ಚಿಲ್ಲರೆ, ಸರ್ವರ್, ಬೆರಳು ಇವೆಲ್ಲ ಸೇರಿ ದಣಿಸಿದರೆ ಮುದುಕರು ತಾವೇ ಕೈಬಿಡುತ್ತಾರೆ.

ಕಂಪ್ಯೂಟರಿನ ಮುಂದಿದ್ದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಆಕೆಯೂ ಬೆಳಗಿನಿಂದ ಬೈಗುಳ ತಿಂದು ಬಾಡಿದ್ದಳು. ಎದ್ದು ಬಂದು ಅಮ್ಮಿಯ ಭುಜ ಹಿಡಿದು ಕೂರಿಸಿ, ‘ಬೆರಳು ಬೇಡ ಅಜ್ಜಿ, ಕಣ್ಣಿನದು ನೋಡೋಣ’ ಎಂದಳು. ಕಣ್ಣಿನ ಯಂತ್ರ ಒಪ್ಪಿತು. ಆಮೇಲೆ ನಮ್ಮ ಕಾಗದಗಳನ್ನೆಲ್ಲ ಬದಿಗಿಟ್ಟು ಕೇಳಿದಳು: ‘ನಿಮ್ಮ ಹೆಸರು ನೀವೇ ಒಂದ್ಸಲ ಹೇಳಿ ಅಜ್ಜಿ.’

ಅಮ್ಮಿ ನಮ್ಮ ಮುಖ ನೋಡಿದರು. ಕಚೇರಿಗಳಲ್ಲಿ ಅವರ ಹೆಸರನ್ನು ಯಾವಾಗಲೂ ಬೇರೆಯವರೇ ಹೇಳಿದ್ದಾರೆ: ಅಬ್ಬಾ, ಆಮೇಲೆ ನಾವು, ಇಲ್ಲವೇ ಕಾಗದ. ಸೆರಗು ಸರಿಪಡಿಸಿಕೊಂಡು ಸ್ಪಷ್ಟವಾಗಿ ಹೇಳಿದರು. ಹುಡುಗಿ ಇಂಗ್ಲಿಷಿನಲ್ಲಿ ಒತ್ತಿದಳು. ಕನ್ನಡದ ಕಡೆ ಯಂತ್ರ ತಾನಾಗಿ ‘ಜುಬೆಡಾ’ ಎಂದು ಬರೆಯಿತು. ಹುಡುಗಿ ನಾಲಿಗೆ ಕಚ್ಚಿಕೊಂಡು, ಡಕಾರ ಅಳಿಸಿ ದಕಾರ ಹಾಕಿ, ಬೆಕಾರಕ್ಕೆ ದೀರ್ಘ ಕೊಟ್ಟು, ಬಿ ಸೇರಿಸಿ, ಪರದೆಯನ್ನು ಅಮ್ಮಿಯ ಕಡೆ ತಿರುಗಿಸಿದಳು. ಅಮ್ಮಿಗೆ ಕನ್ನಡ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದರು.

ಜುಬೇದಾ ಎಂದರೆ ಖಲೀಫಾ ಹಾರೂನ್ ಅಲ್ ರಶೀದರ ರಾಣಿಯ ಹೆಸರು. ಹಜ್ ಯಾತ್ರಿಕರ ಬಾಯಾರಿಕೆ ತಣಿಸಲು ಮಕ್ಕಾಕ್ಕೆ ನೀರಿನ ಕಾಲುವೆ ತರಿಸಿದವರು. ಅವರು ತೀರಿಕೊಂಡದ್ದು 831ರಲ್ಲಿ. ಕಾಲುವೆಯ ಜೊತೆ ಹೆಸರು ಇಂದಿಗೂ ಉಳಿದಿದೆ. ಬೀಡಿ ಕಟ್ಟಿದವರಿಗೆ ಹೆಸರು ಉಳಿಯಲು ಕಾಲುವೆ ಇರುವುದಿಲ್ಲ, ಒಂದು ಕಾರ್ಡು ಇರುತ್ತದೆ. ಅದರಲ್ಲಾದರೂ ಸರಿಯಾಗಿರಬೇಕು.

ಹೊರಗೆ ಬಂದಾಗ ಮಳೆ. ರಸೀದಿಯನ್ನು ಅಮ್ಮಿ ಮತ್ತೆ ನಾಲ್ಕು ಕವರುಗಳೊಳಗೆ ಇಟ್ಟರು. ಚಪ್ಪಲಿಯವರಿಗೆ ಹಣ ಕೊಟ್ಟೆವು. ಎರಡು ವಾರಕ್ಕೆ ಹೆಸರು ಬದಲಾದ ಸಂದೇಶ ಬಂತು. ಅದನ್ನು ಪಿಂಚಣಿಯ ಕಡತಕ್ಕೂ ಪಾಸ್‌ಬುಕ್ಕಿಗೂ ಮುಟ್ಟಿಸಲು ಇನ್ನೂ ಎರಡು ಸಲ ಅಲೆದೆವು. ಕೊನೆಗೆ ಹಣ ಬಂತು.

ಈಗ ನಮ್ಮ ಮನೆಯಲ್ಲಿ ಒಂದು ಗೆರೆಪುಸ್ತಕವಿದೆ. ಬೀದಿಯ ಹೆಂಗಸರು, ಮುದುಕರು ಬಂದು ತಮ್ಮ ಹೆಸರು ಹೇಳುತ್ತಾರೆ. ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ದೊಡ್ಡ ಅಕ್ಷರಗಳಲ್ಲಿ ಬರೆದು, ಹಾಳೆ ಹರಿದು ಕೊಡುತ್ತೇವೆ. ಯಾವ ಕಚೇರಿಗೆ ಹೋದರೂ ಆ ಚೀಟಿಯನ್ನೇ ತೋರಿಸಿ ಎಂದು ಹೇಳಿ ಕಳಿಸುತ್ತೇವೆ. ಶಿರಾದ ಬೆಂಚಿನಲ್ಲಿ ಸಿಕ್ಕಿದ ಲಕ್ಷ್ಮಿಯ ಹೆಸರಿನ ಅಜ್ಜಿಗೂ ಬಸ್ಸಿನವರ ಕೈಯಲ್ಲಿ ಒಂದು ಚೀಟಿ ಕಳಿಸಿದ್ದೇವೆ. ಬರೆಯುವ ಮೊದಲು, ಆ ಹುಡುಗಿ ಕೇಳಿದಂತೆಯೇ ಕೇಳುತ್ತೇವೆ. ಹೇಳುವವರಲ್ಲಿ ಬಹಳ ಮಂದಿ ಮೊದಲು ಸ್ವಲ್ಪ ನಾಚುತ್ತಾರೆ.